ವಾರ್ಡಿನ ಗೋಡೆಯ ಗಂಟೆ

ಟೈಲರಮ್ಮ ಎಂದರೆ ಆ ಬೀದಿಯಲ್ಲಿ ಎಲ್ಲರಿಗೂ ಗೊತ್ತು. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಬಾಗಿಲಿಗೆ ಅಡ್ಡವಾಗಿ ಹೊಲಿಗೆ ಯಂತ್ರ, ಅದರ ಪಕ್ಕ ಇಸ್ತ್ರಿ ಮೇಜು, ಗೋಡೆಯ ಮೊಳೆಗಳಿಗೆ ನೇತುಬಿದ್ದ ಶಾಲಾ ಸಮವಸ್ತ್ರಗಳು. ಮದುವೆಯ ಗೊಡವೆಗೆ ಹೋದವಳಲ್ಲ. ಒಬ್ಬನೇ ತಮ್ಮ ಲಾರಿ ಓಡಿಸುತ್ತ ಹೆಚ್ಚು ದಿನ ಊರಾಚೆಯೇ ಇರುತ್ತಿದ್ದ. ಹಾಗಾಗಿ ಮನೆಯಲ್ಲಿ ಅವಳು ಮತ್ತು ಅವಳ ಅಮ್ಮ, ಇಬ್ಬರೇ. ಅಮ್ಮನಿಗೆ ಮಾತು ಜಾಸ್ತಿ. ಮಗಳು ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡಿರುವ ಹೊತ್ತು ನೋಡಿಯೇ ಜಗಳ ತೆಗೆಯುತ್ತಿದ್ದಳು. ಆಗ ಎದುರು ಮಾತು ಬರುವುದಿಲ್ಲವಲ್ಲ!

ಅಮ್ಮನಿಗೆ ಹಳೆಯ ಸಕ್ಕರೆ ಕಾಯಿಲೆ. ಕಾಲಿನ ಗಾಯ ಮಾಯದೆ ಕೀವು ತುಂಬಿಕೊಂಡಾಗ ಊರಿನ ದೊಡ್ಡ ಆಸ್ಪತ್ರೆಗೆ ಸೇರಿಸಬೇಕಾಯಿತು. ಹೆಂಗಸರ ವಾರ್ಡು ಕಿಕ್ಕಿರಿದಿತ್ತು. ಗೋಡೆಯುದ್ದಕ್ಕೂ ಮಂಚಗಳು, ಜಾಗ ಸಾಲದೆ ನಡುವೆಯೂ ಮಂಚಗಳು. ಆದರೂ ಗಾಯ ಒಣಗುತ್ತ ಬಂತು. ಇನ್ನೇನು ಮನೆಗೆ ಕಳಿಸುತ್ತೇವೆ ಎಂದು ಡಾಕ್ಟರೂ ಹೇಳಿದ್ದರು.

ಆವತ್ತು ಬೆಳಿಗ್ಗೆ ಯಾವುದೋ ಸ್ಕ್ಯಾನ್ ಇದೆ, ಅಮ್ಮನಿಗೆ ಏನೂ ತಿನ್ನಿಸಬೇಡಿ ಎಂದಿದ್ದರು. ಈ ಸಂಗತಿ ರಾತ್ರಿ ಪಾಳಿಯ ನರ್ಸ್‌ಗೆ ತಲುಪಿರಲಿಲ್ಲ. ಅವಳು ಹೊರಡುವ ಮುಂಚೆ ಎಂದಿನಂತೆ ಇನ್ಸುಲಿನ್ ಕೊಟ್ಟಳು. ಬೆಳಗಿನ ಪಾಳಿಯವಳು ಬಂದಳು. ಇಬ್ಬರೂ ವರಾಂಡದಲ್ಲಿ ನಿಂತ ನಿಲುವಿನಲ್ಲೇ ರೋಗಿಗಳ ವಿಷಯ ಮಾತಾಡಿಕೊಳ್ಳುತ್ತಿದ್ದಾಗ ಒಳಗಿನಿಂದ ಯಾರೋ ಕೂಗಿದರು. ಮಾತು ಅರ್ಧಕ್ಕೇ ನಿಂತಿತು. ಇನ್ಸುಲಿನ್ ಇನ್ನೂ ಕೊಟ್ಟಿಲ್ಲವೆಂದುಕೊಂಡ ಬೆಳಗಿನ ನರ್ಸ್, ಖಾಲಿ ಹೊಟ್ಟೆಯಲ್ಲಿದ್ದ ಅಮ್ಮನಿಗೆ ಇನ್ನೊಂದು ಸಲ ಅದನ್ನೇ ಚುಚ್ಚಿದಳು.

ಇದೆಲ್ಲ ಟೈಲರಮ್ಮನಿಗೆ ತಿಳಿದದ್ದು ಬಹಳ ಆಮೇಲೆ. ಆಗ ಅವಳಿಗೆ ಕಂಡದ್ದು ಇಷ್ಟೇ: ಅಮ್ಮ ಬೆವರುತ್ತಿದ್ದಳು, ಮತ್ತು ಮಾತಾಡುತ್ತಿರಲಿಲ್ಲ.

"ಸಿಸ್ಟರ್, ನಮ್ಮಮ್ಮ ಯಾಕೋ ಸರಿಯಿಲ್ಲ."

"ಏನಾಗಿದೆ?"

"ಮಾತಾಡ್ತಾನೇ ಇಲ್ಲ."

ಕೈಯಲ್ಲಿ ಔಷಧಿಯ ತಟ್ಟೆ ಹಿಡಿದು ಓಡುತ್ತಿದ್ದ ಬೆಳಗಿನ ನರ್ಸ್‌ಗೆ ನಗು ಬಂತು. "ಒಳ್ಳೇದಾಯ್ತು ಬಿಡಿ, ಸ್ವಲ್ಪ ಮಲಗಲಿ. ರಾತ್ರಿಯೆಲ್ಲ ಅಕ್ಕಪಕ್ಕದವರಿಗೆ ಕತೆ ಹೇಳ್ತಿದ್ರಂತೆ."

ಟೈಲರಮ್ಮ ಮಂಚದ ಬಳಿಗೆ ಹೋದಳು, ಮತ್ತೆ ಬಂದಳು. ಬಾಗಿಲಲ್ಲಿ ಒಬ್ಬ ಡಾಕ್ಟರು ಸಿಕ್ಕರು. "ಒಂಚೂರು ನೋಡಿ ಡಾಕ್ಟ್ರೇ, ನಿನ್ನೆ ಹೀಗಿರಲಿಲ್ಲ" ಎಂದಳು. "ರೌಂಡ್ಸ್‌ಗೆ ಬರ್ತೀವಲ್ಲಮ್ಮ, ಆವಾಗ ನೋಡೋಣ" ಎಂದು ಅವರು ಮೆಟ್ಟಿಲಿಳಿದು ಹೋದರು. ಅಷ್ಟರಲ್ಲಿ ಕಾವಲುಗಾರ ಬಂದು, ಡಾಕ್ಟರು ಬರುವ ಹೊತ್ತು, ಮನೆಯವರೆಲ್ಲ ಹೊರಗೆ ನಡೆಯಿರಿ ಎಂದ.

"ಅಣ್ಣಾ, ಅಮ್ಮಂಗೆ ಹುಷಾರಿಲ್ಲ."

"ಹುಷಾರಿದ್ರೆ ಇಲ್ಲಿಗ್ಯಾಕೆ ಬರ್ತಿದ್ರು ತಾಯಿ? ನಡೀರಿ, ನಡೀರಿ."

ಅವಳು ಹೊರಗೆ ಹೋದಳು. ಬಾಗಿಲು ಮುಚ್ಚಿತು. ಎಲ್ಲರ ಜೊತೆ ಮೆಟ್ಟಿಲ ಮೇಲೆ ಕೂತಳು. ಮತ್ತೆ ಒಳಗೆ ಬಿಟ್ಟಾಗ ಅಮ್ಮನ ಮಂಚ ಖಾಲಿಯಿತ್ತು, ಹಾಸಿಗೆಬಟ್ಟೆ ಅರ್ಧ ನೆಲದ ಮೇಲಿತ್ತು. ಫಿಟ್ಸ್ ಬಂತು, ಕೆಳಗಿನ ಐಸಿಯುಗೆ ಒಯ್ದಿದ್ದಾರೆ ಎಂದು ಪಕ್ಕದ ಮಂಚದಾಕೆ ಹೇಳಿದಳು. ರಕ್ತದಲ್ಲಿ ಸಕ್ಕರೆ ತೀರಾ ಇಳಿದುಹೋಗಿ ಮಿದುಳಿಗೆ ಪೆಟ್ಟಾಗಿತ್ತು.

ಅಮ್ಮ ಬದುಕಿದಳು. ಆದರೆ ಮನೆಗೆ ಬಂದವಳು ಹಳೆಯ ಅಮ್ಮನಲ್ಲ. ಕಣ್ಣು ತೆರೆದಿರುತ್ತಿತ್ತು, ಯಾರ ಮೇಲೂ ನಿಲ್ಲುತ್ತಿರಲಿಲ್ಲ. ಗಂಟಲಿನಿಂದ ಒಂದು ದನಿ ಹೊರಡುತ್ತಿತ್ತು, ಅದು ಮಾತಾಗುತ್ತಿರಲಿಲ್ಲ. ತಿನ್ನಿಸಬೇಕು, ತೊಳೆಯಬೇಕು, ಬೆನ್ನು ಹುಣ್ಣಾಗದಂತೆ ಮಗ್ಗುಲು ಬದಲಿಸುತ್ತಿರಬೇಕು.

ಟೈಲರಮ್ಮ ನೇರವಾಗಿ ಆಸ್ಪತ್ರೆಯ ಮುಖ್ಯ ವೈದ್ಯರ ಕೋಣೆಗೆ ನುಗ್ಗಿದಳು. "ಇದನ್ನ ಯಾರು ಮಾಡಿದ್ದೋ, ಅವಳು ಈ ಆಸ್ಪತ್ರೇಲಿ ಇರಬಾರದು" ಎಂದು ಮೇಜು ಬಡಿದಳು. ವಿಚಾರಣೆ ನಡೆಯಿತು. ಬೆಳಗಿನ ಪಾಳಿಯ ನರ್ಸನ್ನು ವಾರ್ಡಿನಿಂದ ತೆಗೆದು, ಹಾಸಿಗೆಬಟ್ಟೆ ಮಡಚಿಡುವ ಉಗ್ರಾಣಕ್ಕೆ ಹಾಕಿದರು. ಅದನ್ನು ಕೇಳಿ ಟೈಲರಮ್ಮನ ಹೊಟ್ಟೆ ತಣ್ಣಗಾಯಿತು. ಆದರೆ ಅಮ್ಮನ ಮಗ್ಗುಲು ಬದಲಿಸುವ ಹೊತ್ತಿಗೆ ಆ ಸಮಾಧಾನ ಯಾವ ಕೆಲಸಕ್ಕೂ ಬರುತ್ತಿರಲಿಲ್ಲ. ಅಮ್ಮನ ಭಾರ ಎತ್ತಲು ಎರಡು ತೋಳು ಬೇಕಾಗಿತ್ತು, ಅಷ್ಟೆ. ಮಧ್ಯೆ ಮಧ್ಯೆ ಹೊಲಿಗೆ. ಹೇಳಿದ ದಿನಕ್ಕೆ ಬಟ್ಟೆ ಕೊಡಲಾಗದೆ ಗಿರಾಕಿಗಳ ಮುಂದೆ ಮುಖ ಚಿಕ್ಕದು ಮಾಡಿಕೊಳ್ಳುವುದು ಮಾಮೂಲಾಯಿತು.

ಹೀಗಿರುವಾಗ ಒಂದು ಮಧ್ಯಾಹ್ನ ಆಸ್ಪತ್ರೆಯ ಹಿರಿಯ ನರ್ಸ್ ಮನೆಗೆ ಬಂದರು. ಎಲ್ಲರೂ ಅವರನ್ನು ದೊಡ್ಡ ಸಿಸ್ಟರ್ ಎನ್ನುತ್ತಿದ್ದರು. ಬಂದವರು ಮೊದಲು ಅಮ್ಮನ ಬೆನ್ನು ನೋಡಿದರು, ದಿಂಬು ಸರಿಮಾಡಿದರು, ಆಮೇಲೆ ಇಸ್ತ್ರಿ ಮೇಜಿನ ಪಕ್ಕದ ಸ್ಟೂಲಿನ ಮೇಲೆ ಕೂತರು.

"ಇಂಥ ತಪ್ಪು ಮತ್ತೆ ಆಗದ ಹಾಗೆ ನೋಡ್ಕೊಳ್ಳೋಕೆ ಒಂದು ಸಮಿತಿ ಮಾಡ್ತಿದ್ದೀವಿ. ರೋಗಿಗಳ ಮನೆ ಕಡೆಯವರು ಒಬ್ಬರು ಬೇಕು. ನೀವು ಬರಬೇಕು."

"ನಾನ್ಯಾಕೆ? ಬೈಸ್ಕೊಳ್ಳೋಕೆ ಅಷ್ಟು ಆಸೆನಾ?"

"ಬೈದ್ರೂ ಪರವಾಗಿಲ್ಲ. ನೀವು ಮೊದಲೇ ಹೇಳಿದ್ರಿ, ನಮ್ಮ ಕಿವಿಗೆ ಬೀಳಲಿಲ್ಲ. ಅದು ಯಾಕೆ ಬೀಳಲಿಲ್ಲ ಅಂತ ನಾವು ನಾವೇ ಕೂತು ಮಾತಾಡಿದ್ರೆ ಗೊತ್ತಾಗಲ್ಲ."

"ತಪ್ಪು ಮಾಡಿದವಳನ್ನ ತೆಗೆದಾಯ್ತಲ್ಲ?"

ದೊಡ್ಡ ಸಿಸ್ಟರ್ ಸ್ಟೂಲನ್ನು ಇನ್ನಷ್ಟು ಹತ್ತಿರ ಎಳೆದುಕೊಂಡರು. "ಅವಳ ಜಾಗಕ್ಕೆ ಇನ್ನೊಬ್ಬಳು ಬಂದಿದ್ದಾಳೆ. ಅದೇ ವಾರ್ಡು, ಅಷ್ಟೇ ರೋಗಿಗಳು, ಅದೇ ವರಾಂಡದಲ್ಲಿ ನಿಂತು ಮಾತು. ನಾಳೆ ಅವಳೂ ಅದನ್ನೇ ಮಾಡಬಹುದು. ನನಗೆ ಅದರದ್ದೇ ಭಯ."

ಟೈಲರಮ್ಮ ಆಗ ಏನೂ ಒಪ್ಪಿಕೊಳ್ಳಲಿಲ್ಲ. ಆದರೆ ಮುಂದಿನ ಸಭೆಯ ದಿನ, ಅಮ್ಮನನ್ನು ನೋಡಿಕೊಳ್ಳಲು ಪಕ್ಕದ ಮನೆಯಾಕೆಯನ್ನು ಗೋಗರೆದು, ಆಸ್ಪತ್ರೆಗೆ ಹೋದಳು.

ಮೊದಮೊದಲು ಸಭೆಯಲ್ಲಿ ಅವಳಿಗೆ ತಲೆಬುಡ ಅರ್ಥವಾಗುತ್ತಿರಲಿಲ್ಲ. ಉದ್ದನೆಯ ಮೇಜು, ಆರಿದ ಟೀ, ಗಡಿಯಾರ ನೋಡುವ ಡಾಕ್ಟರುಗಳು. ಅವಳ ಸರದಿ ಬಂದಾಗ ಅಮ್ಮನ ಕತೆ ಹೇಳಬೇಕು. ಹೇಳುತ್ತ ಹೇಳುತ್ತ ಅತ್ತುಬಿಡುತ್ತಿದ್ದಳು. ಎಲ್ಲರೂ ತಲೆ ತಗ್ಗಿಸುತ್ತಿದ್ದರು. ಆಮೇಲೆ ಹೊಸ ನರ್ಸ್‌ಗಳ ಮುಂದೆ ಹೇಳಿ ಎಂದರು, ಹೊಸ ಡಾಕ್ಟರುಗಳ ಮುಂದೆ ಹೇಳಿ ಎಂದರು, ಬೇರೆ ಊರಿಂದ ಬಂದ ಅತಿಥಿಗಳ ಮುಂದೆಯೂ ಹೇಳಿ ಎಂದರು. ಹೇಳಿ ಹೇಳಿ ಕತೆ ಸವೆದುಹೋಯಿತು. ಬಾಯಿ ಅಮ್ಮನ ಬೆವರಿನ ಬಗ್ಗೆ ಹೇಳುತ್ತಿದ್ದರೆ ಮನಸ್ಸು, ನಾಳೆ ಕೊಡಬೇಕಾದ ಪ್ಯಾಂಟಿಗೆ ಜಿಪ್ ಹಾಕಿಲ್ಲವಲ್ಲ ಎಂದು ಯೋಚಿಸುತ್ತಿರುತ್ತಿತ್ತು. ಅದು ಅರಿವಾದ ದಿನ ಮನೆಗೆ ಬಂದು ಅಮ್ಮನ ಮುಖ ನೋಡಲು ಅವಳಿಗೆ ನಾಚಿಕೆಯಾಯಿತು.

ಕೆಲಸ ಆಮೆಗತಿಯಲ್ಲಾದರೂ ಆಯಿತು. ಪಾಳಿ ಬದಲಾಗುವಾಗ ನರ್ಸ್‌ಗಳು ವರಾಂಡದಲ್ಲಲ್ಲ, ಒಂದೊಂದು ಮಂಚದ ಬಳಿ ನಿಂತು, ರೋಗಿಯ ಎದುರಿಗೇ ವಿಷಯ ಒಪ್ಪಿಸಬೇಕು ಎಂದಾಯಿತು. ಇನ್ಸುಲಿನ್ ಕೊಡುವಾಗ ಇಬ್ಬರು ಕೂಡಿ ನೋಡಬೇಕು ಎಂದಾಯಿತು. ಪ್ರತಿಯೊಂದಕ್ಕೂ "ಜನ ಎಲ್ಲಿದ್ದಾರೆ? ಹೊತ್ತೆಲ್ಲಿದೆ?" ಎಂಬ ಗೊಣಗಾಟ ಇದ್ದೇ ಇತ್ತು. ಗೊಣಗುವವರು ಸುಳ್ಳು ಹೇಳುತ್ತಿಲ್ಲ ಎನ್ನುವುದೂ ಟೈಲರಮ್ಮನಿಗೆ ಈಗ ಗೊತ್ತಾಗುತ್ತಿತ್ತು.

ಕೊನೆಗೆ ಬಂದದ್ದು ಗಂಟೆಯ ವಿಷಯ. ವಾರ್ಡಿನ ಗೋಡೆಗೆ ಒಂದು ಕೆಂಪು ಗುಂಡಿ. ತಮ್ಮವರಿಗೆ ಏನೋ ಆಗುತ್ತಿದೆ, ಹೇಳಿದರೂ ಯಾರೂ ಕೇಳುತ್ತಿಲ್ಲ ಎನ್ನಿಸಿದರೆ ಮನೆಯವರು ಅದನ್ನು ಒತ್ತಬಹುದು. ಒತ್ತಿದರೆ ಡಾಕ್ಟರು ಬಂದೇ ನೋಡಬೇಕು. ಪರೀಕ್ಷೆಗೆಂದು ಹೆಂಗಸರ ವಾರ್ಡಿನಲ್ಲಿ ಮೊದಲು ಹಾಕಿದರು.

ಜನ ಒತ್ತಿದರು. ಫ್ಯಾನು ತಿರುಗುತ್ತಿಲ್ಲವೆಂದು ಒತ್ತಿದರು. ಟೀ ಆರಿಹೋಗಿದೆ ಎಂದು ಒತ್ತಿದರು. ಒಬ್ಬ ಮಾವನವರಂತೂ, ಸೊಸೆ ತನ್ನ ಮಾತು ಕೇಳುತ್ತಿಲ್ಲ, ಡಾಕ್ಟರೇ ಬುದ್ಧಿ ಹೇಳಲಿ ಎಂದು ಒತ್ತಿದರು. ಡಾಕ್ಟರುಗಳು ಮೆಟ್ಟಿಲು ಹತ್ತಿ ಇಳಿದು ಸುಸ್ತಾಗಿ, ಗಂಟೆ ತೆಗೆಸಿ ಎಂದು ಪಟ್ಟು ಹಿಡಿದರು. ಅದಕ್ಕೇ ಒಂದು ಸಭೆ ಸೇರಿತು.

"ನಾನು ಕೆಟ್ಟವನಲ್ಲಮ್ಮ" ಎಂದರು ವಾರ್ಡಿನ ಡಾಕ್ಟರು, ಟೈಲರಮ್ಮನನ್ನೇ ನೋಡುತ್ತ. ಅವರ ಕಣ್ಣ ಕೆಳಗೂ ಕಪ್ಪು ಕಟ್ಟಿತ್ತು. "ಫ್ಯಾನು ನೋಡೋಕೆ ನಾನು ಓಡಿ ಬಂದಾಗ, ಅಲ್ಲಿ ಇನ್ನೊಬ್ಬರಿಗೆ ಏನಾದ್ರೂ ಆದ್ರೆ?"

ಎಲ್ಲರೂ ಟೈಲರಮ್ಮನ ಕಡೆ ತಿರುಗಿದರು. "ನೀವೊಂದು ಮಾತು ಹೇಳಿ" ಎಂದರು ದೊಡ್ಡ ಸಿಸ್ಟರ್.

  ಹಿಂದಿನ ದಿನದಿಂದ ಅಮ್ಮನಿಗೆ ಜ್ವರ. ಟೈಲರಮ್ಮ ರಾತ್ರಿಯೆಲ್ಲ ಕಣ್ಣು ಮುಚ್ಚಿರಲಿಲ್ಲ.

"ನನ್ನ ಕೈಲಾಗ್ತಿಲ್ಲ ಸಿಸ್ಟರ್. ಅದೇ ಕತೆ ಇನ್ನೊಂದು ಸಲ ಹೇಳೋ ಶಕ್ತಿ ನನಗಿಲ್ಲ. ತೆಗೆಯೋದಾದ್ರೆ ತೆಗೆದುಬಿಡಿ."

 ಆಗ ಹಿಂದಿನ ಸಾಲಿನಲ್ಲಿ ಒಬ್ಬಳು ಎದ್ದು ನಿಂತಳು. ಹಾಸಿಗೆಬಟ್ಟೆಯ ಕೊರತೆಯ ಬಗ್ಗೆ ಕೇಳಲು ಉಗ್ರಾಣದಿಂದ ಕರೆಸಿದ್ದ ಹೆಂಗಸು. ತುಂಬಾ ಸೊರಗಿದ್ದಳು. ಅವಳು ಮಾತಾಡಿದ ಮೇಲೆಯೇ ಟೈಲರಮ್ಮನಿಗೆ ಆ ದನಿಯ ಗುರುತು ಸಿಕ್ಕಿದ್ದು. 

"ನಾನು ಹೇಳ್ತೀನಿ" ಎಂದಳು ಅವಳು. "ಎರಡನೇ ಸಲ ಇನ್ಸುಲಿನ್ ಕೊಟ್ಟಿದ್ದು ನಾನು. ಅಮ್ಮ ಮಾತಾಡ್ತಿಲ್ಲ ಅಂತ ಇವರು ಬಂದು ಹೇಳಿದ್ರು. ನಾನು ನಕ್ಕೆ." ಅವಳು ಡಾಕ್ಟರ ಕಡೆ ತಿರುಗಿದಳು. "ಆವತ್ತು ಗೋಡೆ ಮೇಲೆ ಗಂಟೆ ಇದ್ದಿದ್ರೆ ಇವರು ಒತ್ತಿರೋರು. ನಾನು ಮನಸ್ಸಲ್ಲೇ ಬೈಕೊಂಡಿರ್ತಿದ್ದೆ. ಡಾಕ್ಟ್ರು ಗೊಣಗಿಕೊಂಡೇ ಬರ್ತಿದ್ರು. ಬೆರಳು ಚುಚ್ಚಿ ಸಕ್ಕರೆ ನೋಡ್ತಿದ್ರು, ಗ್ಲೂಕೋಸ್ ಹಾಕ್ತಿದ್ರು. ಆ ತಾಯಿ ಇವತ್ತು ಮಾತಾಡ್ಕೊಂಡಿರೋರು. ಫ್ಯಾನಿಗೆ ಒತ್ತಿದ್ರೆ ಒತ್ತಲಿ ಡಾಕ್ಟ್ರೇ. ಸುಮ್ಮನೆ ಓಡಿ ಬಂದ್ರೆ ಕಾಲು ನೋಯುತ್ತೆ, ಅಷ್ಟೆ."

ಗಂಟೆ ಉಳಿಯಿತು. ಒತ್ತಿದಾಗ ಮೊದಲು ಒಬ್ಬ ಹಿರಿಯ ನರ್ಸ್ ಬಂದು ನೋಡುವುದು, ಅವಳು ಹೇಳಿದರೆ ಡಾಕ್ಟರು ಬರುವುದು ಎಂದು ತೀರ್ಮಾನವಾಯಿತು.

ಸಭೆ ಮುಗಿದ ಮೇಲೆ ಆ ನರ್ಸ್ ವರಾಂಡದಲ್ಲಿ ಗೋಡೆಗೆ ಅಂಟಿಕೊಂಡಂತೆ ನಿಂತಿದ್ದಳು.

"ಅಕ್ಕಾ, ನಿಮ್ಮಮ್ಮನ್ನ ಒಂದು ಸಲ ನೋಡಬಹುದಾ?"

ಟೈಲರಮ್ಮ ಈಕೆಯನ್ನು ಮನಸ್ಸಿನಲ್ಲಿ ಎಷ್ಟು ಸಲ ಬೈದಿದ್ದಳೋ ಲೆಕ್ಕವಿಲ್ಲ. ಈಗ ಎದುರಿಗೆ ನಿಂತಾಗ, ಬೈಯಲು ಬೇಕಾದ ಉಸಿರೇ ಇರಲಿಲ್ಲ.

"ಭಾನುವಾರ ಬನ್ನಿ" ಎಂದಳು. "ಕ್ಷಮಿಸಿಬಿಟ್ಟೆ ಅಂತ ಅಂದ್ಕೋಬೇಡಿ. ಅದು ನನಗೇ ಗೊತ್ತಿಲ್ಲ. ನನಗೆ ನಿದ್ದೆ ಬೇಕು. ನೀವು ಅಮ್ಮನ ಹತ್ರ ಕೂತ್ರೆ ನಾನು ಮಲಗ್ತೀನಿ."

ಆ ಭಾನುವಾರ ನರ್ಸ್ ಬಂದಳು. ಟೈಲರಮ್ಮ ಮುಂದಿನ ಕೋಣೆಯಲ್ಲಿ, ಹೊಲಿಯದ ಬಟ್ಟೆಗಳ ನಡುವೆ ಚಾಪೆ ಹಾಸಿ ಮಲಗಿದಳು. ನಿದ್ದೆ ಬರಲಿಲ್ಲ. ಪ್ರತಿ ಸದ್ದಿಗೂ ಕಿವಿ ನೆಟ್ಟಗಾಗುತ್ತಿತ್ತು. ಮಾತ್ರೆ ಕೊಡುವ ಹೊತ್ತಿಗೆ ಎದ್ದು ಬಾಗಿಲ ಸಂದಿಯಿಂದ ನೋಡಿದಳು. ನರ್ಸ್ ಮಾತ್ರೆಯ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದಳು, ಹೆಸರನ್ನು ಬಾಯಿಬಿಟ್ಟು ಹೇಳಿಕೊಂಡಳು, ಮತ್ತೆ ಓದಿದಳು.  ಟೈಲರಮ್ಮ ಸದ್ದಿಲ್ಲದೆ ಹೋಗಿ ಮಲಗಿದಳು.

ಮುಂದಿನ ಭಾನುವಾರವೂ ಹಾಗೇ ಕಳೆಯಿತು. ಅದರ ಮುಂದಿನದರಲ್ಲಿ ಕಣ್ಣು ಹತ್ತಿದ್ದು ಅವಳಿಗೆ ಗೊತ್ತೇ ಆಗಲಿಲ್ಲ. ಎಚ್ಚರವಾದಾಗ ಬೀದಿ ದೀಪ ಹತ್ತಿತ್ತು. ಯಾವ ದಿನ, ಯಾವ ಹೊತ್ತು ಒಂದೂ ತಿಳಿಯದೆ ಗಾಬರಿಬಿದ್ದು ಒಳಗೆ ಓಡಿದಳು. ಅಮ್ಮನ ತಲೆ ಬಾಚಿ ಜಡೆ ಹಾಕಿತ್ತು.

"ಎಬ್ಬಿಸಬಾರದಾ?"

"ನಿಮ್ಮ ಗೊರಕೆ ಕೇಳಿ ಎದುರುಮನೆಯವರು ಬಂದು ಏನಾಯ್ತು ಅಂತ ಕೇಳ್ಕೊಂಡು ಹೋದ್ರು. ನಿಮಗೆ ಮಾತ್ರ ಎಚ್ಚರ ಆಗಲಿಲ್ಲ" ಎಂದಳು ನರ್ಸ್. ಟೈಲರಮ್ಮನಿಗೆ ನಗು ಬಂತು. ನಗುತ್ತಲೇ ಬಾಗಿಲ ಚೌಕಟ್ಟಿಗೆ ಒರಗಿ ಸ್ವಲ್ಪ ಹೊತ್ತು ಅತ್ತಳು.

ಲಾರಿ ಕೆಲಸದ ನಡುವೆ ಒಮ್ಮೆ ಮನೆಗೆ ಬಂದಾಗ ತಮ್ಮ ಇದನ್ನು ಕೇಳಿ ಕೆಂಡವಾದ. "ಅವಳನ್ನ ಮನೆಯೊಳಗೆ ಬಿಟ್ಟಿದ್ದೀಯಾ? ನಿನಗೆ ತಲೆ ಸರಿಯಿದೆಯಾ ಅಕ್ಕಾ?"

"ಹಾಗಾದ್ರೆ ಭಾನುವಾರ ನೀನು ಬಂದು ಕೂತ್ಕೊ ಕಣೋ" ಎಂದಳು ಅವಳು. ಅವನು ಮತ್ತೆ ಆ ಮಾತೆತ್ತಲಿಲ್ಲ.

ಅದಾದ ಮೇಲೆ ಅವಳು ಮುಖ್ಯ ವೈದ್ಯರ ಬಳಿ ಇನ್ನೊಂದು ಸಲ ಹೋದಳು. ಈ ಸಲ ಮೇಜು ಬಡಿಯಲಿಲ್ಲ. "ಆಕೇನ ವಾರ್ಡಿಗೆ ಹಾಕಿ ಸಾರ್. ಬಟ್ಟೆ ಮಡಚೋದಕ್ಕೆ ಬೇರೆಯವರು ಸಿಗ್ತಾರೆ" ಎಂದಳು. ಅದಕ್ಕೂ ಕಾಯಬೇಕಾಯಿತು, ಆದರೆ ಹಾಕಿದರು.

ಗಂಟೆ ನಿಧಾನಕ್ಕೆ ಬೇರೆ ವಾರ್ಡುಗಳಿಗೂ ಬಂತು. ಮಕ್ಕಳ ವಾರ್ಡಿನಲ್ಲಿ ಒಬ್ಬ ಅಜ್ಜಿ, ಮೊಮ್ಮಗುವಿನ ಅಳು ಯಾಕೋ ಬೇರೆ ಥರ ಇದೆ ಎಂದು ಗಂಟೆ ಒತ್ತಿದಳು, ಡಾಕ್ಟರು ಬಂದರು, ಮಗುವಿಗೆ ಹಾಕಿದ್ದ ಔಷಧಿ ಒಗ್ಗದೆ ಮೈಯೆಲ್ಲ ಊದುತ್ತಿತ್ತು. ಔಷಧಿ ನಿಲ್ಲಿಸಿದರು, ಮಗು ಉಳಿಯಿತು. ದೊಡ್ಡ ಸಿಸ್ಟರ್ ಇದನ್ನು ಹೇಳಲೆಂದೇ ಮನೆಗೆ ಬಂದರು. "ಒಳ್ಳೇದಾಯ್ತು ಸಿಸ್ಟರ್" ಎಂದಳು ಟೈಲರಮ್ಮ. ಒಳ್ಳೆಯದಾಯಿತು ಎಂದು ಅವಳಿಗೆ ನಿಜವಾಗಿಯೂ ಅನ್ನಿಸಿತ್ತು. ಅದರಾಚೆಗೆ ಹಿಗ್ಗಲು ಮೈಯಲ್ಲಿ ತ್ರಾಣವಿರಲಿಲ್ಲ. ಸಮಿತಿಗೆ ತನ್ನ ಬದಲು ಬೇರೆಯವರನ್ನು ಹುಡುಕಿಕೊಳ್ಳಿ ಎಂದು ಆವತ್ತೇ ಹೇಳಿದಳು. ಆ ಅಜ್ಜಿಯನ್ನೇ ಕೇಳಿ ನೋಡಿ ಎಂದೂ ಹೇಳಿದಳು.

ಆ ವರ್ಷದ ಚಳಿಯಲ್ಲಿ ಅಮ್ಮ ತೀರಿಕೊಂಡಳು. ಗಲಾಟೆಯಿಲ್ಲ, ಒದ್ದಾಟವಿಲ್ಲ, ಮಧ್ಯಾಹ್ನ ಮಲಗಿದವಳು ಏಳಲಿಲ್ಲ.

ಈಗ ಕಾಯುವುದಕ್ಕೆ ಯಾರೂ ಇಲ್ಲ. ಆದರೂ ನರ್ಸ್ ಕೆಲವು ಭಾನುವಾರ ಪಾಳಿ ಮುಗಿಸಿ ಬರುತ್ತಾಳೆ. ಇಬ್ಬರಿಗೂ ಹೇಳಿಕೊಳ್ಳುವಂಥ ಮಾತೇನೂ ಇರುವುದಿಲ್ಲ. ಅವಳು ಚಪ್ಪಲಿ ಬಿಚ್ಚಿ, ಊದಿದ ಕಾಲು ಚಾಚಿ, ಗೋಡೆಗೆ ಒರಗಿ ಕೂರುತ್ತಾಳೆ. "ಇವತ್ತು ಜಾಸ್ತಿ ಜನಾನಾ?" ಎಂದು ಟೈಲರಮ್ಮ ಕೇಳುತ್ತಾಳೆ. "ಯಾವತ್ತು ಕಮ್ಮಿ ಇದ್ರು?" ಎನ್ನುತ್ತಾಳೆ ಅವಳು. ಟೈಲರಮ್ಮ ಯಂತ್ರ ನಿಲ್ಲಿಸಿ, ಸೊಂಟ ಹಿಡಿದುಕೊಂಡು, ಟೀಗೆ ನೀರಿಡಲು ಏಳುತ್ತಾಳೆ.