ಬೋಗುಣಿಯ ವರ

“ಎಷ್ಟೊತ್ತಿಗೆ ಬರೂದ್ರಿ? ಅವ್ವ ಮುಂಜಾನಿಂದ ಹಸಿ ಸೀರ್ಯಾಗ ಮಲಗ್ಯಾಳ!” ಬೈಲಹೊಂಗಲದ ಆಸ್ಪತ್ರೆಯೊಂದರಲ್ಲಿ, ಬಿಸಿನೀರಿನ ಬೋಗುಣಿ ಹಿಡಿದು ಬಂದ ಹೆಂಗಸಿನ ಮೇಲೆ ರೇಗಿದೆ. “ತಪ್ಪಾತ್ರಿ ಅಕ್ಕಾ” ಎಂದವರು ಅವ್ವನ ಮೈ ಒರೆಸಿ, ಸೀರೆ ಬದಲಿಸಿ, ತಲೆಯನ್ನೂ ಬಾಚಿದರು. ನಾನು ಕೈಕಟ್ಟಿ ನೋಡುತ್ತಿದ್ದೆ.

ಅವರು ಆಸ್ಪತ್ರೆಯ ಆಯಾ ಅಲ್ಲ, ಚರ್ಚಿನಿಂದ ದಿನಾ ತಾವಾಗಿಯೇ ಬರುವವರು ಎಂದು ಆಮೇಲೆ ನರ್ಸ್ ಹೇಳಿದರು. ನಾಚಿಕೆಯಿಂದ ಕ್ಷಮೆ ಕೇಳಿದೆ. ಅವರು ನಕ್ಕರು: “ನಮ್ಮ ಚರ್ಚಿನಾಗ ಕೆಲವ್ರಿಗೆ ದೇವ್ರು ಹಾಡೂ ವರ ಕೊಟ್ಟಾನ್ರಿ, ಕೆಲವ್ರಿಗೆ ಬೈಬಲ್ ವಾಕ್ಯ ಹೇಳೂ ವರ. ನನಗ ಈ ಬೋಗುಣಿ ಕೊಟ್ಟಾನ.”

ಮರುದಿನ ಅವ್ವನ ಮೈ ನಾನೇ ಒರೆಸಿದೆ. ಬೋಗುಣಿಗೆ ಹೊಸ ನೀರು ತುಂಬಿ, ಪಕ್ಕದ ಮಂಚದಲ್ಲಿ ನೋಡಿಕೊಳ್ಳಲು ಯಾರೂ ಇಲ್ಲದೆ ಮಲಗಿದ್ದ ಅಜ್ಜಿಯ ಬಳಿ ಹೋದೆ. “ಇಷ್ಟ ತಡಾ ಮಾಡೂದೇನವಾ?” ಎಂದು ಅಜ್ಜಿ ಗದರಿದರು. “ತಪ್ಪಾತ್ರಿ ಅಜ್ಜಿ” ಎಂದೆ.