ಕಪಿಲೆಯ ಹಗ್ಗದ ಮೇಲೆ

ಆಗ ಎರಡನೆಯ ಮಹಾಯುದ್ಧದ ಕಾಲ. ತೊಡೆಸಂದಿಗೆ ಕರುಳು ಜಾರಿತ್ತೆಂದು ಬೆಂಗಳೂರಿನಲ್ಲಿ ಆಪರೇಷನ್ ಮಾಡಿಸಿಕೊಂಡು, ತಿಂಗಳಾದ ಮೇಲೆ ತೂಬಗೆರೆ ಪಕ್ಕದ ನಮ್ಮ ಹಳ್ಳಿಗೆ ವಾಪಸು ಬಂದೆ. ಊರಿನ ಗಂಡಾಳುಗಳೆಲ್ಲ ಕೆಲಸಕ್ಕೆಂದು ಬೆಂಗಳೂರು ಸೇರಿದ್ದರು. ನೀರು ಎತ್ತುವವರಿಲ್ಲದೆ ನನ್ನ ಆಲೂಗಡ್ಡೆ ಒಣಗಿರುತ್ತದೆ ಎಂದುಕೊಂಡೇ ತೋಟಕ್ಕೆ ಹೋದೆ. ಮಡಿಗಳೆಲ್ಲ ಹಸಿರಾಗಿದ್ದವು. ಸಂತೋಷವಾಗಬೇಕಿತ್ತು, ಹೊಟ್ಟೆ ಉರಿಯಿತು.

ಎತ್ತು ಕಟ್ಟಿ ಕಪಿಲೆ ಹೊಡೆದು ನೀರೆತ್ತಿದವಳು ನನ್ನ ಹೆಂಡತಿ. ಬಾವಿಯೊಳಗಿನ ನೀರಿನ ಬಾನಿಯನ್ನು ಎಳೆಯುತ್ತ ಎತ್ತುಗಳು ಇಳಿಜಾರು ಇಳಿಯುವಾಗ, ಹೊಡೆಯುವವನು ಹಗ್ಗದ ಮೇಲೆ ಕೂತು ತನ್ನ ಭಾರವನ್ನೂ ಕೊಡಬೇಕು. ನಮ್ಮೂರಲ್ಲಿ ಹೆಂಗಸರು ಕೂರುತ್ತಿರಲಿಲ್ಲ. ಇವಳು ಸೀರೆ ಎತ್ತಿ ಕಟ್ಟಿ ಕೂತಿದ್ದಳು. ಹತ್ತು ಬಾನಿ ಎಳೆಸಿ, ಓಡಿಹೋಗಿ ನೀರನ್ನು ಬೇರೆ ಮಡಿಗೆ ತಿರುಗಿಸಿ, ಮತ್ತೆ ಓಡಿಬಂದು ಎತ್ತು ಹೊಡೆಯುತ್ತಿದ್ದಳಂತೆ.

ಮಾರನೆಯ ದಿನ ಬೆಳಿಗ್ಗೆಯೇ ಹೋಗಿ, "ಇಳಿ, ನಾನು ಹೊಡೀತೀನಿ" ಅಂದೆ.

"ಡಾಕ್ಟ್ರು ಮೂರು ತಿಂಗಳು ಭಾರದ ಕೆಲಸ ಬೇಡ ಅಂದವ್ರೆ."

"ಕಪಿಲೆ ವಿಷ್ಯ ಡಾಕ್ಟ್ರಿಗೇನು ಗೊತ್ತು?"

ಅವಳು ಇಳಿದು ಬಾರುಕೋಲು ಕೊಟ್ಟಳು. ಮೊದಲನೆಯ ಬಾನಿಗೇ ಹೊಲಿಗೆ ಹಾಕಿದ ಜಾಗ ಚುರುಕ್ಕೆಂದಿತು. ಹಲ್ಲು ಕಚ್ಚಿ ಕೂತೆ. ಮೂರನೆಯದಕ್ಕೆ ಕಣ್ಣು ಕತ್ತಲಿಟ್ಟಿತು. ಅವಳು ಬಾರುಕೋಲಿಗೆ ಕೈ ಚಾಚಿದಳು, ಕೊಟ್ಟು ಇಳಿದೆ. ಆ ಹಗ್ಗ ಇನ್ನು ನನ್ನದಲ್ಲವೇನೋ ಎಂದು ನಿಜವಾಗಿ ಹೆದರಿದೆ.

ನನಗೆ ಉಳಿದದ್ದು ನೀರು ಕಟ್ಟುವ, ಅಂದರೆ ಮಡಿಯಿಂದ ಮಡಿಗೆ ನೀರು ತಿರುಗಿಸುವ ಕೆಲಸ. ಹನ್ನೆರಡು ವರ್ಷ ಅದನ್ನು ಮಾಡಿದವಳು ಅವಳು. ಕಾಲುವೆಯ ಏರಿ ಒಡೆದಾಗಲೆಲ್ಲ ನಾನು ಹಗ್ಗದ ಮೇಲಿಂದಲೇ, "ಕಣ್ಣೆಲ್ಲಿ ಇಟ್ಕೊಂಡಿದ್ದೀಯ?" ಎಂದು ಗದರುತ್ತಿದ್ದೆ. ಮಕ್ಕಳಾಟದ ಕೆಲಸ ಎಂದುಕೊಂಡಿದ್ದೆ. ಒಂದು ಮಡಿ ತುಂಬುವುದನ್ನು ನೋಡುತ್ತಿದ್ದರೆ ಇನ್ನೊಂದು ಕಡೆ ಮಣ್ಣು ನೆನೆದು ಕುಸಿಯುತ್ತದೆ ಎಂದು ಗೊತ್ತಿರಲಿಲ್ಲ.

ನಾಲ್ಕನೆಯ ದಿನ ಅವಳನ್ನೇ ನೋಡುತ್ತ ನಿಂತಿದ್ದೆ. ನಾನು ಬಾರುಕೋಲು ತೋರಿಸಿದರೂ ಸತಾಯಿಸುತ್ತಿದ್ದ ಎತ್ತುಗಳು ಅವಳ ಒಂದು ಮೆಲುಮಾತಿಗೆ ಹಿಂದೆ ಹಿಂದೆ ಹೆಜ್ಜೆಯಿಟ್ಟು ಇಳಿಜಾರು ಹತ್ತಿ ಬಾವಿಯ ಕಡೆಗೆ ಬರುತ್ತಿದ್ದವು. ಅಷ್ಟರಲ್ಲಿ ಕಾಲುವೆ ಒಡೆದು, ನೀರೆಲ್ಲ ದಾರಿಗೆ ಹರಿಯಿತು.

"ಕಣ್ಣೆಲ್ಲಿ ಇಟ್ಕೊಂಡಿದ್ದೀರಾ?"

ಸೇಡಿಗೆ ಅಂದದ್ದಲ್ಲ, ಕೆಲಸದ ಬಿಸಿಯಲ್ಲಿ ಬಂದ ಮಾತು. ನನಗೆ ಮೈಯೆಲ್ಲ ಉರಿದು, ಉತ್ತರ ಕೊಡಲು ಬಾಯಿ ತೆರೆದೆ. ಹನ್ನೆರಡು ವರ್ಷದಲ್ಲಿ ಅವಳು ಒಂದು ದಿನವೂ ಉತ್ತರ ಕೊಟ್ಟಿರಲಿಲ್ಲ ಎಂಬುದು ಆಗ ನೆನಪಾಯಿತು. ಬಾಯಿ ಮುಚ್ಚಿ, ಕಾಲಿನಿಂದ ಮಣ್ಣೊತ್ತಿ ಏರಿ ಕಟ್ಟಿದೆ.