ಕುದಿಸದ ಬಾಳೆಹಣ್ಣು

ತೊಂಬತ್ತರ ದಶಕದಲ್ಲಿ ನಾನು ತುಮಕೂರಿನ ಕಾಲೇಜೊಂದರ ಲ್ಯಾಬಿನಲ್ಲಿ ಅಟೆಂಡರ್ ಆಗಿದ್ದೆ. ಅಲ್ಲಿ ಸಂಶೋಧನೆ ಮಾಡುತ್ತಿದ್ದ ಮೇಡಂ ಒಬ್ಬರು ತುಮಕೂರು, ಗುಬ್ಬಿ, ಕುಣಿಗಲ್ ತೋಟಗಳ ಹಣ್ಣಿನ ನೊಣಗಳು ವಂಶಗುಣದಲ್ಲಿ ಎಷ್ಟು ಬೇರೆ ಎಂದು ಅಳೆಯುತ್ತಿದ್ದರು. ಬಾಟಲಿಯಲ್ಲಿ ಕಿವುಚಿದ ಬಾಳೆಹಣ್ಣಿಟ್ಟು ಗಿಡಕ್ಕೆ ಕಟ್ಟಿ, ನೊಣ ಹಿಡಿದು ತರುವುದು ನನ್ನ ಕೆಲಸ. ಹಣ್ಣನ್ನು ಮೊದಲು ಕುದಿಸಲೇಬೇಕಿತ್ತು. ಇಲ್ಲದಿದ್ದರೆ ತುಮಕೂರಿನಲ್ಲಿ ಕೊಂಡ ಹಣ್ಣಿನಲ್ಲಿ ಅಲ್ಲಿನ ನೊಣಗಳು ಮೊದಲೇ ಇಟ್ಟಿರುವ ಮೊಟ್ಟೆಗಳು ಒಡೆದು, ಗುಬ್ಬಿಯ ಬಾಟಲಿಯಲ್ಲಿ ತುಮಕೂರಿನ ನೊಣಗಳೇ ಹುಟ್ಟುತ್ತವೆ. ಒಮ್ಮೆ ಬಸ್ಸು ತಪ್ಪೀತೆಂದು ತುಮಕೂರಿನ ಮಾರುಕಟ್ಟೆಯ ಹಣ್ಣನ್ನು ಕುದಿಸದೆಯೇ ತುಂಬಿಕೊಂಡು ಗುಬ್ಬಿಗೆ ಹೋದೆ.

ಕೆಲವು ವಾರಗಳ ನಂತರ ಮೇಡಂ ಕರೆದರು.

"ಗುಬ್ಬಿ ನೊಣ, ತುಮಕೂರು ನೊಣ ಎರಡೂ ಒಂದೇ ಥರ ಬರ್ತಿದೆ. ಅಣ್ಣಾ, ಹಣ್ಣು ಕುದಿಸಿದ್ರಿ ತಾನೆ?"

"ಕುದಿಸ್ದೆ ಇರ್ತೀನಾ ಮೇಡಂ? ನೊಣಕ್ಕೂ ಪಾಯಸ ಮಾಡ್ತಿದೀರಾ ಅಂತ ನಮ್ಮನೇವ್ಳು ಆಡ್ಕೊಂಡ್ಳು."

ಅವರು ನಗಲಿಲ್ಲ. "ನನ್ ಥೀಸಿಸ್ ಇದ್ರ ಮೇಲೇ ನಿಂತಿದೆ. ಇನ್ನೊಂದ್ಸಲ ಯೋಚ್ನೆ ಮಾಡಿ ಹೇಳಿ."

"ಕುದಿಸಿದ್ದೆ ಮೇಡಂ."

"ಸರಿ ಬಿಡಿ. ಹಂಗಾದ್ರೆ ನನ್ ಅಂದಾಜೇ ತಪ್ಪು."

ಆ ನೊಣಗಳು ಬೇರೆ ಬೇರೆ ಎಂದು ವರ್ಷಗಟ್ಟಲೆ ನಂಬಿದ್ದವರು, ನನ್ನ ಮಾತು ನಂಬಿ ಅದನ್ನು ನನ್ನೆದುರೇ ಕೈಬಿಟ್ಟರು. ಬಾಯಿ ತೆರೆಯಲು ಆಗಲೂ ಸಮಯವಿತ್ತು. ನಾನು ಬಾಟಲಿ ತೊಳೆಯಲು ಹೋದೆ.